ಮುಳ್ಳು ನಮ್ಮ ಟ್ರ್ಯಾಕ್ಟರಿನದು, ಲೆಕ್ಕ ಮಾತ್ರ ಕಂಪನಿಯದೇ?



ಅಳತೆ ಯಾರ ಕೈಯಲ್ಲಿದೆಯೋ ಲಾಭವೂ ಅವನ ಕೈಯಲ್ಲೇ ಇರುತ್ತದೆ. ಇದನ್ನು ನಮಗೆ ಯಾವ ಯೂನಿವರ್ಸಿಟಿಯವರೂ ಕಲಿಸಬೇಕಾಗಿಲ್ಲ. ಮಂಡಿಯ ತಕ್ಕಡಿ ಮಂಡಿಯವನ ಕೈಯಲ್ಲಿ, ಕಬ್ಬು ತೂಗುವ ವೇಬ್ರಿಡ್ಜು ಕಾರ್ಖಾನೆ ಗೇಟಿನ ಒಳಗೆ, ಹಾಲಿನ ಫ್ಯಾಟು ಹೇಳುವ ಮಷೀನು ಡೈರಿಯವರ ಮೇಜಿನ ಮೇಲೆ. ಬೆಳೆದವನು ಮಾತ್ರ ಹೊರಗೆ ಕೈಕಟ್ಟಿ ನಿಂತು, ಅವರು ಕೂಗಿದ ಅಂಕಿ ಕೇಳಿಸಿಕೊಂಡು ಮನೆಗೆ ಹೋಗಬೇಕು. ಈ ತಕ್ಕಡಿಗಳ ಮುಂದೆ ಜಗಳ ಆಡೀ ಆಡೀ, ಕಾಲಕಾಲಕ್ಕೆ ಅವುಗಳಿಗೆ ಸರ್ಕಾರದ ಮುದ್ರೆ ಬೀಳಬೇಕು ಅನ್ನುವ ಮಾತಾದರೂ ಇವತ್ತು ಎಲ್ಲರಿಗೂ ಗೊತ್ತಿದೆ.

ಆದರೆ ಇನ್ನೊಂದು ತಕ್ಕಡಿ ಇದೆ. ಅದು ನಾವೇ ಸಾಲ ಮಾಡಿ ತಂದ ಟ್ರ್ಯಾಕ್ಟರಿನಲ್ಲಿ, ನಮ್ಮದೇ ಸ್ಟೀರಿಂಗಿನ ಮುಂದೆ ಕೂತಿದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳು, ಅದರ ಪಕ್ಕದಲ್ಲೇ ಎಷ್ಟು ಗಂಟೆ ದುಡಿಯಿತು ಎಂದು ತೋರಿಸುವ ಅಂಕಿ. ಪೇಟೆಯವರು ಟ್ಯಾಕೋಮೀಟರ್ ಅನ್ನುತ್ತಾರೆ, ನಾವು ಆರ್‌ಪಿಎಂ ಮೀಟರು ಅಂತೀವಿ. ಈ ಮೀಟರ್ ಬೋರ್ಡು ಕೆಟ್ಟು ಬೇರೆ ಬೋರ್ಡು ಕೂರಿಸಿದ ದಿನ ಮುಳ್ಳು ಸುಳ್ಳು ಹೇಳಲು ಶುರು ಮಾಡಬಹುದು. ಅದನ್ನು ಸರಿಮಾಡುವ ಲೆಕ್ಕವನ್ನು ಕಂಪನಿ ತನ್ನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟುಕೊಂಡಿದೆ. ನಾನು ಈ ಲೇಖನ ಬರೆಯುತ್ತಿರುವುದು ಆ ಬೀಗದ ವಿರುದ್ಧ.

ಮುಳ್ಳು ಶೋಕಿಗೆ ಇಟ್ಟದ್ದಲ್ಲ

"ಎಂಜಿನ್ ಸದ್ದು ಕೇಳಿದರೆ ಸಾಕು, ನಮಗೆ ಮುಳ್ಳು ಯಾಕೆ?" ಎಂದು ಕೇಳುವ ಹಿರಿಯರಿದ್ದಾರೆ. ಅವರ ಕಿವಿಗೆ ನಮಸ್ಕಾರ. ಆದರೆ ಟ್ರ್ಯಾಕ್ಟರು ಬರೀ ಉಳುವ ಕಾಲ ಹೋಯಿತು. ಇವತ್ತು ರೋಟವೇಟರ್, ಒಕ್ಕಣೆ ಮಷೀನು, ಔಷಧಿ ಸಿಂಪಡಿಸುವ ಪಂಪು ಇವೆಲ್ಲ ಹಿಂದಿನ ಪಿಟಿಒ ಶಾಫ್ಟಿನಿಂದ ತಿರುಗುತ್ತವೆ. ಈ ಸಲಕರಣೆಗಳಲ್ಲಿ ಹೆಚ್ಚಿನವನ್ನು ಮಾಡಿರುವುದು ಆ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ ಎಂಬ ಲೆಕ್ಕದ ಮೇಲೆ. ಪಿಟಿಒಗೆ ಬೇರೆ ಮೀಟರು ಸಾಮಾನ್ಯವಾಗಿ ಇರುವುದಿಲ್ಲ. ಎಂಜಿನ್ ಇಷ್ಟು ಸುತ್ತಿನಲ್ಲಿದ್ದರೆ ಪಿಟಿಒ 540ರಲ್ಲಿರುತ್ತದೆ ಎಂದು ಕಂಪನಿ ಪುಸ್ತಕದಲ್ಲಿ ಬರೆದಿರುತ್ತದೆ, ಎಷ್ಟೋ ಮೀಟರುಗಳಲ್ಲಿ ಅಲ್ಲೇ ಒಂದು ಗುರುತೂ ಹಾಕಿರುತ್ತದೆ. ಅಂದರೆ ಹಿಂದುಗಡೆ ಏನು ನಡೆಯುತ್ತಿದೆ ಎಂದು ಹೇಳುವವನು ಮುಂದಿರುವ ಈ ಮುಳ್ಳೊಬ್ಬನೇ.

ಅವನು ಸುಳ್ಳು ಹೇಳಿದರೆ? ಶಾಫ್ಟು ಹೆಚ್ಚು ತಿರುಗಿದರೆ ರೋಟವೇಟರಿನ ಬ್ಲೇಡು ಸವೆಯುತ್ತದೆ, ಗೇರುಪೆಟ್ಟಿಗೆ ಕಾಯುತ್ತದೆ, ಶಾಫ್ಟಿನ ಕ್ರಾಸು ಮುರಿಯುತ್ತದೆ, ಒಕ್ಕಣೆಯಲ್ಲಿ ಕಾಳು ಒಡೆಯುತ್ತದೆ, ಇದೆಲ್ಲದರ ಮೇಲೆ ಡೀಸೆಲ್ಲು ದಂಡ. ಕಡಿಮೆ ತಿರುಗಿದರೆ ಕಾಳು ಹೊಟ್ಟಿನ ಜತೆಯಲ್ಲೇ ಹೋಗುತ್ತದೆ, ಔಷಧಿ ಎಲೆಗೆ ತಾಗದೆ ಬುಡಕ್ಕೆ ಸೋರುತ್ತದೆ. ಒಡೆದ ಕಾಳಿಗೆ ಮಂಡಿಯಲ್ಲಿ ರೇಟು ಇಳಿಸುವವನು "ಪಾಪ, ನಿಮ್ಮ ಮೀಟರು ತಪ್ಪಿತ್ತು" ಎಂದು ಬಿಟ್ಟುಬಿಡುತ್ತಾನೆಯೇ?

ಬೋರ್ಡು ಬದಲಾದರೆ ಲೆಕ್ಕ ಯಾಕೆ ತಪ್ಪುತ್ತದೆ?

ಇದೇನು ದೇವರ ಗುಟ್ಟಲ್ಲ. ಹೈಸ್ಕೂಲು ಗಣಿತ ಸಾಕು.

ಹಳೇ ಟ್ರ್ಯಾಕ್ಟರುಗಳಲ್ಲಿ ಎಂಜಿನ್ನಿನಿಂದ ಒಂದು ಕೇಬಲ್ಲು ಬಂದು ಮೀಟರನ್ನು ತಿರುಗಿಸುತ್ತಿತ್ತು. ಎಂಜಿನ್ ಎರಡು ಸುತ್ತು ಹಾಕಿದರೆ ಕೇಬಲ್ಲು ಒಂದು ಸುತ್ತು, ಹೀಗೆ ಅದಕ್ಕೊಂದು ಪ್ರಮಾಣ. ಅದೇ ಪ್ರಮಾಣದ ಮೀಟರು ಹಾಕಿದರೆ ಸರಿ, ಬೇರೆ ಹಾಕಿದರೆ ತಪ್ಪು. ಆಮೇಲೆ ವಿದ್ಯುತ್ ಮೀಟರು ಬಂತು. ಇವುಗಳಲ್ಲಿ ಎಷ್ಟೋ ಮೀಟರುಗಳು ಆಲ್ಟರ್ನೇಟರಿನ ಹಿಂದೆ ಡಬ್ಲ್ಯೂ ಎಂದು ಬರೆದಿರುವ ಕಡ್ಡಿಯಿಂದ ಒಂದು ತಂತಿ ಎಳೆದುಕೊಂಡು, ಅದರಲ್ಲಿ ಬರುವ ಮಿಡಿತಗಳನ್ನು ಎಣಿಸುತ್ತವೆ. ಇನ್ನು ಕೆಲವು ಫ್ಲೈವೀಲಿನ ಹಲ್ಲುಗಳನ್ನು ಎಣಿಸುತ್ತವೆ.

ಒಂದು ಲೆಕ್ಕ ನೋಡಿ. ಆಲ್ಟರ್ನೇಟರಿಗೆ 12 ಪೋಲು ಇದ್ದರೆ ಅದರ ಒಂದು ಸುತ್ತಿಗೆ 6 ಮಿಡಿತ. ಎಂಜಿನ್ ಪುಲ್ಲಿ ಆಲ್ಟರ್ನೇಟರ್ ಪುಲ್ಲಿಗಿಂತ ಎರಡರಷ್ಟು ದೊಡ್ಡದಿದ್ದರೆ ಎಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಆಲ್ಟರ್ನೇಟರ್ ಎರಡು ಸುತ್ತು. ಅಂದರೆ ಎಂಜಿನ್ನಿನ ಒಂದು ಸುತ್ತಿಗೆ 12 ಮಿಡಿತ. ಹಳೇ ಬೋರ್ಡಿಗೆ ಈ 12 ಎಂಬ ಅಂಕಿ ಕಲಿಸಿರುತ್ತದೆ. ಈಗ ಬೇರೆ ಮಾಡಲ್ಲಿನ ಬೋರ್ಡು ತಂದಿರಿ, ಅದಕ್ಕೆ 15 ಎಂದು ಕಲಿಸಿದ್ದಾರೆ ಅನ್ನಿ. ಎಂಜಿನ್ ನಿಜವಾಗಿ 1,500ರಲ್ಲಿ ತಿರುಗುತ್ತಿದ್ದರೆ ಮುಳ್ಳು 1,200 ತೋರಿಸುತ್ತದೆ. "ಇನ್ನೂ ಬಂದಿಲ್ಲ" ಎಂದು ನೀವು ಆಕ್ಸಿಲರೇಟರು ಏರಿಸುತ್ತೀರಿ. ಮುಳ್ಳು 1,500ಕ್ಕೆ ಬರುವಷ್ಟರಲ್ಲಿ ಎಂಜಿನ್ 1,875ರಲ್ಲಿ ಕೂಗುತ್ತಿರುತ್ತದೆ. ನಿಮ್ಮ ಟ್ರ್ಯಾಕ್ಟರಿನಲ್ಲಿ 1,500ಕ್ಕೆ ಪಿಟಿಒ 540 ಬರುವುದಾದರೆ ಈಗ ಅದು 675! ಕಾಲು ಭಾಗ ಹೆಚ್ಚು. ಬೋರ್ಡಿಗೆ 10 ಎಂದು ಕಲಿಸಿದ್ದರೆ ಕಥೆ ಉಲ್ಟಾ. ಮುಳ್ಳು 1,500 ಅಂದಾಗ ಎಂಜಿನ್ ಬರೀ 1,250, ಪಿಟಿಒ 450.

ಬೋರ್ಡು ಬದಲಿಸದೆ ಆಲ್ಟರ್ನೇಟರ್ ಬದಲಿಸಿದರೂ, ಬೇರೆ ಅಳತೆಯ ಪುಲ್ಲಿ ಹಾಕಿದರೂ ಇದೇ ಗತಿ. ಬೆಲ್ಟು ಸಡಿಲವಾಗಿ ಜಾರಿದರೂ ಮುಳ್ಳು ಕಡಿಮೆ ತೋರಿಸುತ್ತದೆ. ಎಲ್ಲಕ್ಕೂ ಮೂಲ ಒಂದೇ ಒಂದು ಅಂಕಿ. ಎಂಜಿನ್ನಿನ ಒಂದು ಸುತ್ತಿಗೆ ಎಷ್ಟು ಮಿಡಿತ? ಈ ಒಂದು ಅಂಕಿಯನ್ನು ಪುಸ್ತಕದಲ್ಲಿ ಅಚ್ಚು ಹಾಕಲು ಕಂಪನಿಗೆ ಎಷ್ಟು ಶಾಯಿ ಖರ್ಚಾಗುತ್ತದೆ ಸ್ವಾಮಿ?

ನಮ್ಮೂರ ಮೆಕ್ಯಾನಿಕ್ಕಿಗೆ ಬರುವ ಕೆಲಸ

"ರೈತರಿಗೂ ಹಳ್ಳಿ ಗ್ಯಾರೇಜಿನವರಿಗೂ ಇದು ಅರ್ಥವಾಗುವುದಿಲ್ಲ" ಎಂದು ಶೋರೂಮಿನ ಕನ್ನಡಕಗಳು ಹೇಳುತ್ತವೆ. ಅರ್ಥವಾಗುವುದೇ ಇಲ್ಲವೋ ನೋಡೋಣ ಬನ್ನಿ.

ಮೊದಲು ಬೆಲ್ಟು ಬಿಗಿ ಮಾಡಿ. ಎಂಜಿನ್ ನಿಲ್ಲಿಸಿರುವಾಗ ಮುಂದಿನ ಕ್ರ್ಯಾಂಕ್ ಪುಲ್ಲಿಯ ಮೇಲೆ ಹೊಳೆಯುವ ಪಟ್ಟಿಯ ಒಂದು ಚೂರು ಅಂಟಿಸಿ. ಆಮೇಲೆ ಎಂಜಿನ್ ಚಾಲೂ ಮಾಡಿ, ಚೆನ್ನಾಗಿ ಕಾದ ಮೇಲೆ ಕೈ ಆಕ್ಸಿಲರೇಟರಿನಿಂದ ಒಂದೇ ವೇಗಕ್ಕೆ ನಿಲ್ಲಿಸಿ. ಬೆಳಕು ಬಿಟ್ಟು ಸುತ್ತು ಎಣಿಸುವ ಕೈ ಮೀಟರು ಈಗ ಎಲ್ಲ ಕಡೆ ಸಿಗುತ್ತದೆ. ಅದನ್ನು ಪಟ್ಟಿಯ ಕಡೆ ಹಿಡಿದರೆ ನಿಜವಾದ ಸುತ್ತು ಗೊತ್ತಾಗುತ್ತದೆ. ಹೆಗಲ ಮೇಲಿನ ಟವೆಲ್ಲು ತೆಗೆದಿಡಿ, ಪಂಚೆ ಎತ್ತಿ ಬಿಗಿಯಾಗಿ ಕಟ್ಟಿ, ಬೆಲ್ಟಿನ ಹತ್ತಿರ ಕೈ ಹಾಕಬೇಡಿ. ಪಿಟಿಒ ಶಾಫ್ಟಿನ ಹತ್ತಿರ ಅಂತೂ ಮಕ್ಕಳನ್ನು ಬಿಡಲೇಬೇಡಿ.

ಮಿಡಿತದ ಅಂಕಿ ಬೇಕಾದರೆ, ಹರ್ಟ್ಸ್ ತೋರಿಸುವ ಮಲ್ಟಿಮೀಟರನ್ನು ಡಬ್ಲ್ಯೂ ಕಡ್ಡಿಗೂ ಬಾಡಿಗೂ ಹಿಡಿಯಿರಿ. ಬಂದ ಅಂಕಿಯನ್ನು 60ರಿಂದ ಗುಣಿಸಿ, ನಿಜವಾದ ಸುತ್ತಿನಿಂದ ಭಾಗಿಸಿ. 1,500 ಸುತ್ತಿಗೆ 300 ಹರ್ಟ್ಸ್ ಬಂದರೆ 300ಕ್ಕೆ 60 ಗುಣಿಸಿದರೆ 18,000, ಅದನ್ನು 1,500ರಿಂದ ಭಾಗಿಸಿದರೆ 12. ಮುಗಿಯಿತು! ಕೆಲವು ಮೀಟರುಗಳ ಬೆನ್ನಿನಲ್ಲಿ ಒಂದು ಸಣ್ಣ ತಿರುಪು ಇರುತ್ತದೆ, ಕೆಲವಕ್ಕೆ ಪುಟ್ಟ ಸ್ವಿಚ್ಚುಗಳು, ಕೆಲವು ಡಿಜಿಟಲ್ ಬೋರ್ಡುಗಳಿಗೆ ಬಟನ್ನು ಒತ್ತಿ ಹಿಡಿದು ಈ ಅಂಕಿಯನ್ನೇ ತುಂಬಬಹುದು. ಸರಿಮಾಡಿದ ಮೇಲೆ ಒಂದು ವೇಗದಲ್ಲಿ ನೋಡಿ ಬಿಡಬಾರದು. ಸಣ್ಣಗೆ ಓಡುವಾಗ ಒಮ್ಮೆ, ಪಿಟಿಒ ಕೆಲಸದ ವೇಗದಲ್ಲಿ ಒಮ್ಮೆ ನೋಡಬೇಕು. ಮುಳ್ಳನ್ನೇ ಕಿತ್ತು ಬೇಕಾದ ಕಡೆ ಚುಚ್ಚುವ ಅಡ್ಡಕಸಬಿಗಳಿದ್ದಾರೆ. ಅವರು ಮಾಡಿದ್ದು ಒಂದು ವೇಗದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು.

ಇಷ್ಟೇ ವಿದ್ಯೆ. ಇದನ್ನು ನಮ್ಮ ಐಟಿಐ ಓದಿದ ಹುಡುಗರು ಮಾಡಲಾರರೇ?

ಬೀಗ ಬಿದ್ದದ್ದು ಎಲ್ಲಿ?

ಹೊಸ ಗಾಡಿಗಳಲ್ಲಿ ಬೀಗ ಬಿದ್ದಿದೆ. 2020ರ ಏಪ್ರಿಲ್ 1ರಿಂದ ಲಾರಿಗಳಿಗೆ ಬಿಎಸ್ 6 ಬಂತು. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್ 4 ಎಂಬ ಹೊಗೆ ನಿಯಮ ಬಂತು. ಹೊಗೆ ಕಡಿಮೆಯಾಗಲಿ, ಅದಕ್ಕೆ ನಮ್ಮ ತಕರಾರಿಲ್ಲ, ಆ ಗಾಳಿ ಕುಡಿಯುವವರು ನಾವೂ ಹೌದು. ಆದರೆ ಅದರ ಜತೆಗೆ ಎಂಜಿನ್ನಿಗೆ ಕಂಪ್ಯೂಟರು ಬಂತು. ಈಗ ಸುತ್ತಿನ ಲೆಕ್ಕವನ್ನು ಎಂಜಿನ್ ಕಂಪ್ಯೂಟರೇ ಮಾಡಿ ಎರಡು ತಂತಿಯ ಮೇಲೆ ಸಂದೇಶವಾಗಿ ಕಳಿಸುತ್ತದೆ, ಬೋರ್ಡು ಅದನ್ನು ಓದಿ ಮುಳ್ಳು ಎತ್ತುತ್ತದೆ. ದೊಡ್ಡ ಲಾರಿಗಳಲ್ಲಿ ಈ ಸಂದೇಶದ ಭಾಷೆಗೆ ಜೆ 1939 ಎಂಬ ಒಂದು ಅಂತರರಾಷ್ಟ್ರೀಯ ಕಟ್ಟಳೆಯೇ ಇದೆ. ಸುತ್ತಿನ ಸಂದೇಶ ಹೇಗಿರಬೇಕು ಎಂದು ಅದರಲ್ಲಿ ಬರೆದಿದೆ. ಹಾಗಾದರೆ ಕೆಲಸ ಇನ್ನೂ ಸುಲಭವಾಗಬೇಕಿತ್ತಲ್ಲವೇ? ಆಗಲಿಲ್ಲ. ಎಷ್ಟೋ ಬೋರ್ಡುಗಳನ್ನು ಆಯಾ ಗಾಡಿಯ ನಂಬರಿಗೆ ಗಂಟು ಹಾಕಿದ್ದಾರೆ. ಬೇರೆ ಬೋರ್ಡು ಕೂರಿಸಿದರೆ ಕಂಪನಿಯ ಲ್ಯಾಪ್‌ಟಾಪು ಬಂದು "ಹೂಂ" ಅನ್ನುವವರೆಗೆ ಅದು ಬಾಯಿ ಬಿಡುವುದಿಲ್ಲ.

ನಮ್ಮ ಕಡೆಯಲ್ಲೇ ಒಬ್ಬ ರೈತರ ಟ್ರ್ಯಾಕ್ಟರಿನ ಬೋರ್ಡಿಗೆ ಮಳೆ ನೀರು ಇಳಿದು ಕೆಟ್ಟಿತು. ಡೀಲರ್ ಹತ್ತಿರ ಹೋದರೆ ಬೋರ್ಡು ಬರಬೇಕು, ಬಂದರೆ ಸೆಟ್ಟಿಂಗ್ ಮಾಡುವ ಹುಡುಗ ಬರಬೇಕು, ಅವನು ಬಂದರೆ ಲ್ಯಾಪ್‌ಟಾಪು ಇನ್ನೊಂದು ತಾಲ್ಲೂಕಿನಲ್ಲಿ! ಬಿತ್ತನೆ ಹದ ಯಾರಿಗಾಗಿ ಕಾಯುತ್ತದೆ? ಪೇಟೆಯ ಗ್ಯಾರೇಜಿನವರು ಬೇರೆ ಬೋರ್ಡು ಹಾಕಿಕೊಟ್ಟರು, ಮುಳ್ಳು ಮಾತ್ರ ತನಗೆ ತೋಚಿದ್ದು ಹೇಳುತ್ತಿತ್ತು. ಆಮೇಲೆ ಅದೇ ಡೀಲರ್ ಹೇಳಿದ್ದೇನು ಗೊತ್ತೇ? "ಹೊರಗಡೆ ಬೋರ್ಡು ಹಾಕಿಸಿದ್ದೀರಿ, ವಾರಂಟಿ ಹೋಯಿತು." ಹೈಡ್ರಾಲಿಕ್ಕಿನ ಸೀಲು ಸೋರಿದ್ದಕ್ಕೂ ಮೀಟರ್ ಬೋರ್ಡಿಗೂ ಏನು ನೆಂಟಸ್ತಿಕೆ? ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದ ಹಾಗಾಯಿತು. ಟ್ರ್ಯಾಕ್ಟರು ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಬಡ್ಡಿಗೆ ಸರ್ವಿಸ್ ಸೆಂಟರಿನ ರಜೆ ಗೊತ್ತಿಲ್ಲ.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಿದರು. ಇಳಿಸಿದ್ದು ಒಳ್ಳೆಯದು. ಆದರೆ ಕೊಳ್ಳುವ ದಿನ ಉಳಿಸಿದ ಹಣವನ್ನು ಮುಂದಿನ ಹತ್ತು ವರ್ಷ ರಿಪೇರಿಯ ಹೆಸರಿನಲ್ಲಿ ಒಂದೇ ಅಂಗಡಿಗೆ ಸುರಿಯುವುದಾದರೆ ನಮಗೆ ಉಳಿದದ್ದೇನು?

ಕಂಪನಿಯವರ ನೆಪ

ಅವರು ಹೇಳುವುದು ಎರಡು ಮಾತು. ಒಂದು, ಬೀಗ ತೆಗೆದರೆ ಹೊಗೆಯ ಸಲಕರಣೆಗಳನ್ನು ಜನ ಕೆಡಿಸುತ್ತಾರೆ. ಎರಡು, ಗಂಟೆ ಅಂಕಿಯನ್ನು ತಿರುಗಿಸಿ ಮೋಸ ಮಾಡುತ್ತಾರೆ.

ಮೊದಲನೆಯದಕ್ಕೆ ಉತ್ತರ ಸುಲಭ. ಡೀಸೆಲ್ ಬಿಡುವ ಕಂಪ್ಯೂಟರು ಬೇರೆ, ಮುಳ್ಳು ತೋರಿಸುವ ಬೋರ್ಡು ಬೇರೆ. ಗಡಿಯಾರದ ಮುಳ್ಳು ಸರಿಮಾಡಿದರೆ ಸೂರ್ಯ ಮುಂಚೆ ಮುಳುಗುತ್ತಾನೆಯೇ? ಡೀಸೆಲ್ಲಿನ ಲೆಕ್ಕಕ್ಕೆ ನೀವು ಬೀಗ ಹಾಕಿಕೊಳ್ಳಿ, ತೋರಿಸುವ ಮುಳ್ಳಿನ ಬೀಗ ತೆಗೆಯಿರಿ.

ಎರಡನೆಯದರಲ್ಲಿ ಸತ್ಯವಿದೆ, ಮುಚ್ಚಿಡಬಾರದು. ಬೋರ್ಡು ಬದಲಾದರೆ ಗಂಟೆ ಅಂಕಿ ಸೊನ್ನೆಯಿಂದ ಶುರುವಾಗಬಹುದು, ಗುಜರಿ ಬೋರ್ಡಾದರೆ ಬೇರೊಬ್ಬನ ಗಂಟೆಗಳು ನಮ್ಮ ತಲೆಗೆ ಬರಬಹುದು. ಇದನ್ನೇ ದಂಧೆ ಮಾಡಿಕೊಂಡು, ದುಡಿದು ಸವೆದ ಟ್ರ್ಯಾಕ್ಟರನ್ನು "ಕಡಿಮೆ ಓಡಿದ ಗಾಡಿ" ಎಂದು ಮಾರುವ ದಲ್ಲಾಳಿಗಳಿದ್ದಾರೆ. ಮೋಸ ಹೋಗುವವನು ಯಾರು? ಹೊಸದು ಕೊಳ್ಳಲಾರದೆ ಕೈಸಾಲ ಮಾಡಿ ಸೆಕೆಂಡ್ ಹ್ಯಾಂಡ್ ತರುವ ನಮ್ಮಂಥ ರೈತನೇ. ಅದರ ಮೇಲೆ ಇನ್ನೊಂದು ಗೊಂದಲವಿದೆ. ಹಳೇ ಕೇಬಲ್ ಮೀಟರು ಗಡಿಯಾರದ ಗಂಟೆಯನ್ನು ಎಣಿಸುತ್ತಿರಲಿಲ್ಲ, ಸುತ್ತನ್ನು ಎಣಿಸುತ್ತಿತ್ತು. 1,500 ಸುತ್ತಿಗೆ ಒಂದು ಗಂಟೆ ಎಂದು ಮಾಡಿದ ಮೀಟರಾದರೆ, 750ರಲ್ಲಿ ಸಣ್ಣಗೆ ಓಡಿದ ಒಂದು ಗಂಟೆಯನ್ನು ಅದು ಅರ್ಧ ಗಂಟೆ ಎಂದೇ ಬರೆಯುತ್ತಿತ್ತು. ವಿದ್ಯುತ್ ಮೀಟರುಗಳಲ್ಲಿ ಹೆಚ್ಚಿನವು ಗಡಿಯಾರದ ಗಂಟೆಯನ್ನೇ ಬರೆಯುತ್ತವೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದಾಗ ಇದು ಗೊತ್ತಿಲ್ಲದಿದ್ದರೆ ಎಣ್ಣೆ ಬದಲಿಸುವ ಲೆಕ್ಕವೂ ತಪ್ಪುತ್ತದೆ, ಗಂಟೆ ಬಾಡಿಗೆಗೆ ಹೋದಲ್ಲಿ ಅಣ್ಣತಮ್ಮಂದಿರ ನಡುವೆ ಜಗಳವೂ ಹತ್ತುತ್ತದೆ.

ಹಾಗೆಂದು ಮೋಸಕ್ಕೆ ಮದ್ದು ಬೀಗವೇ? ಬೀಗ ಇದ್ದೂ ಮೋಸ ನಡೆಯುತ್ತಲೇ ಇದೆ. ಮದ್ದು ಎಂದರೆ ಬರವಣಿಗೆ. ಯಾರೇ ಬೋರ್ಡು ಬದಲಿಸಲಿ, ತಾರೀಖು, ಹಳೇ ಬೋರ್ಡಿನ ಗಂಟೆ, ಹೊಸ ಬೋರ್ಡಿನ ಗಂಟೆ, ಅಳೆದು ನೋಡಿದ ಸುತ್ತು, ಇಷ್ಟನ್ನು ಚೀಟಿಯಲ್ಲಿ ಬರೆದು ಸಹಿ ಹಾಕಿ ಸರ್ವಿಸ್ ಪುಸ್ತಕಕ್ಕೆ ಅಂಟಿಸಬೇಕು. ಟ್ರ್ಯಾಕ್ಟರು ಮಾರುವಾಗ ಪುಸ್ತಕವೂ ಜತೆಗೆ ಹೋಗಬೇಕು. ಈ ಶಿಸ್ತು ಮೊದಲು ನಮ್ಮಲ್ಲಿ ಬರಲಿ. ಕಂಪನಿಯವರನ್ನು ಪ್ರಶ್ನೆ ಮಾಡುವ ರೈತ ತನ್ನ ಪಕ್ಕದೂರಿನ ರೈತನಿಗೆ ಸುಳ್ಳು ಗಂಟೆ ತೋರಿಸಿ ಟ್ರ್ಯಾಕ್ಟರು ಮಾರಿದರೆ ಅವನ ಬಾಯಿಗೆ ಬೆಲೆ ಏನು?

ಕಾಗದದ ಮೇಲಿನ ಹಕ್ಕು

ರಿಪೇರಿ ನಮ್ಮ ಹಕ್ಕು ಎಂಬುದು ನಾನೊಬ್ಬನೇ ಹೇಳುವ ಮಾತಲ್ಲ. 2014ರ ಆಗಸ್ಟ್‌ನಲ್ಲಿ ಭಾರತದ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತು. ಯಾಕೆ? ಬಿಡಿಭಾಗ, ರಿಪೇರಿ ಪುಸ್ತಕ, ದೋಷ ಹುಡುಕುವ ಸಲಕರಣೆಗಳನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡದೆ ಮುಚ್ಚಿಟ್ಟದ್ದಕ್ಕೆ. ಆಮೇಲೆ ಮೇಲ್ಮನವಿ, ಕೋರ್ಟು ಎಂದು ಎಳೆದಾಡಿದರು, ಅದು ಬೇರೆ ಮಾತು. ಆದರೆ ಮುಚ್ಚಿಡುವುದು ತಪ್ಪು ಎಂದು ಸರ್ಕಾರದ ಆಯೋಗವೇ ಬರೆದಿಟ್ಟಿದೆ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಅದು ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಸಲಕರಣೆಯೂ ಒಂದು. ಅದೇ ವರ್ಷ ಡಿಸೆಂಬರ್ 24ರಂದು ಇದಕ್ಕೆ ಒಂದು ಪೋರ್ಟಲನ್ನೂ ತೆರೆದರು. ತೆರೆದದ್ದು ಸರಿ. ಆದರೆ ಪೋರ್ಟಲು ಬೇರೆ, ಕಾಯಿದೆ ಬೇರೆ. ಕಂಪನಿ ತಾನಾಗಿ ಇಷ್ಟಪಟ್ಟು ಹಾಕಿದ ವಿವರ ಅಲ್ಲಿ ಸಿಗುತ್ತದೆ, ಹಾಕದಿದ್ದರೆ ಕೇಳುವವರಿಲ್ಲ. ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ ಎಂಬಂತೆ ದುಡ್ಡು ಕೊಟ್ಟ ನಾವು ಬಾಯಿಬಿಟ್ಟು ನಿಲ್ಲಬೇಕು.

ನಮಗಿಂತ ಹತ್ತಾರು ಪಟ್ಟು ಜಮೀನಿರುವ ಅಮೆರಿಕದ ರೈತರಿಗೂ ಇದೇ ಗೋಳು. ಅವರು ಸುಮ್ಮನೆ ಕೂರಲಿಲ್ಲ. ಕೊಲೊರಾಡೊ ರಾಜ್ಯ 2023ರಲ್ಲಿ ಕಾಯಿದೆ ಮಾಡಿತು. ಕೃಷಿ ಯಂತ್ರ ಮಾಡುವವರು ಬಿಡಿಭಾಗ, ಸಲಕರಣೆ, ಪುಸ್ತಕ, ಸಾಫ್ಟ್‌ವೇರು ಇವುಗಳನ್ನು ರೈತನಿಗೂ ಹೊರಗಿನ ಮೆಕ್ಯಾನಿಕ್ಕಿಗೂ ಕೊಡಲೇಬೇಕು ಎಂಬುದು 2024ರ ಜನವರಿ 1ರಿಂದ ಅಲ್ಲಿ ಜಾರಿಗೆ ಬಂತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಜಾನ್ ಡೀರ್ ಕಂಪನಿಯ ಮೇಲೆ ರಿಪೇರಿ ವಿಚಾರಕ್ಕೇ ಮೊಕದ್ದಮೆ ಹೂಡಿತು. ಅಷ್ಟು ದೊಡ್ಡ ಹಿಡುವಳಿದಾರರಿಗೇ ಕಾಯಿದೆಯ ಆಸರೆ ಬೇಕಾಯಿತು ಎಂದರೆ, ಎರಡು ಮೂರು ಎಕರೆಯ ನಮಗೆ ಬೇಡವೇ?

ನಮ್ಮ ಬೇಡಿಕೆ, ನಮ್ಮ ಕೆಲಸ

ಕಂಪನಿಗಳ ಮುಂದೆಯೂ ಸರ್ಕಾರದ ಮುಂದೆಯೂ ಇಡಬೇಕಾದ ಬೇಡಿಕೆಗಳು ಇವು:

1. ಎಂಜಿನ್ನಿನ ಒಂದು ಸುತ್ತಿಗೆ ಎಷ್ಟು ಮಿಡಿತ, ಅದು ಯಾವ ತಂತಿಯಲ್ಲಿ ಬರುತ್ತದೆ, ಪಿಟಿಒ 540ಕ್ಕೆ ಎಂಜಿನ್ ಎಷ್ಟರಲ್ಲಿರಬೇಕು, ಇದನ್ನು ಮಾಲೀಕನ ಪುಸ್ತಕದಲ್ಲಿ ಕನ್ನಡದಲ್ಲಿ ಅಚ್ಚು ಹಾಕಬೇಕು.

2. ಬೋರ್ಡು ಸೆಟ್ಟಿಂಗಿಗೆ ಕಂಪ್ಯೂಟರು ಬೇಕೇ ಬೇಕು ಅನ್ನುವುದಾದರೆ ಆ ಸಲಕರಣೆಯನ್ನು ನ್ಯಾಯವಾದ ಬೆಲೆಗೆ ಯಾವ ಮೆಕ್ಯಾನಿಕ್ ಕೇಳಿದರೂ ಮಾರಬೇಕು.

3. ಬೋರ್ಡು ಬದಲಿಸಿದ ಡೀಲರ್, ಹಳೇ ಗಂಟೆಯನ್ನೂ ಅಳೆದು ನೋಡಿದ ಸುತ್ತನ್ನೂ ಬರೆದು ಸಹಿ ಮಾಡಿ ಕೊಡಬೇಕು.

4. ಹೊರಗಿನ ಬೋರ್ಡಿನಿಂದಲೇ ಹಾನಿಯಾಯಿತು ಎಂದು ತೋರಿಸದೆ ಇಡೀ ಟ್ರ್ಯಾಕ್ಟರಿನ ವಾರಂಟಿ ಕಿತ್ತುಕೊಳ್ಳಬಾರದು.

5. ಇವೆಲ್ಲ ಕಂಪನಿಯ ಕೃಪೆಯಿಂದ ಬರುವುದು ಬೇಡ, ಕಾಯಿದೆಯಿಂದ ಬರಲಿ.

ಕಾಯಿದೆ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಪ್ರತಿ ಊರಿನ ಸಹಕಾರ ಸಂಘದಲ್ಲಿ ಒಂದು ಬೆಳಕಿನ ಕೈ ಮೀಟರು ಇರಲಿ. ಮುಂಗಾರಿಗೆ ಮೊದಲು ಒಂದು ದಿನ ಗೊತ್ತು ಮಾಡಿ, ಊರಿನ ಟ್ರ್ಯಾಕ್ಟರುಗಳನ್ನೆಲ್ಲ ಕರೆತಂದು ಮುಳ್ಳಿನ ಸುಳ್ಳು ನಿಜ ಅಳೆಯಿರಿ. ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಲ್ಲೂ ಇದನ್ನು ಮಾಡಿ ಎಂದು ಕೇಳಿ, ಅಲ್ಲಿಯ ಟ್ರ್ಯಾಕ್ಟರಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟುವವರೂ ನಾವೇ. ತಪ್ಪು ತೋರಿಸುವ ಮೀಟರಿನ ಪಕ್ಕ ಸುಣ್ಣದಲ್ಲೋ ಬಣ್ಣದಲ್ಲೋ ನಿಜವಾದ 540ರ ಗುರುತು ಹಾಕಿ. ಅಳೆದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹತ್ತು ಊರಿನ ನೋಟ್‌ಬುಕ್ಕು ಕೂಡಿದರೆ ಡೀಲರ್ ಮುಂದೆ ಇಡಲು ಅದೇ ದಾಖಲೆ, ವಿಧಾನಸೌಧದ ಮುಂದೆ ಇಡಲೂ ಅದೇ ದಾಖಲೆ.

ತಕ್ಕಡಿಯವನನ್ನು ಪ್ರಶ್ನೆ ಕೇಳಲು ಕಲಿತವರಿಗೆ ಮುಳ್ಳನ್ನು ಪ್ರಶ್ನೆ ಕೇಳುವುದು ಕಷ್ಟವಲ್ಲ. ಟ್ರ್ಯಾಕ್ಟರಿನ ಸಾಲದ ಪತ್ರಕ್ಕೆ ಸಹಿ ಹಾಕಿದ್ದು ನಾವು, ಜಾಮೀನಿಗೆ ಪಹಣಿ ಇಟ್ಟದ್ದು ನಾವು. ಅದರ ಲೆಕ್ಕ ಸರಿ ಇದೆಯೋ ಇಲ್ಲವೋ ಎಂದು ನೋಡುವ ಹಕ್ಕನ್ನು ಯಾರ ಹತ್ತಿರವೂ ಬೇಡಿ ಪಡೆಯಬೇಕಾಗಿಲ್ಲ.